ಕಣ್ಣಿಗೊತ್ತಿಕೊಂಡ ಕೈ

ಕೆ.ಆರ್. ಪುರದ ಹಳೇ ಊರಿನ ಬೀದಿಯಲ್ಲಿ, ಮೂರಂತಸ್ತಿನ ಬಾಡಿಗೆ ಮನೆಗಳ ಕೆಳಗೆ, ಕಾರು ನಿಲ್ಲಬೇಕಾದ ಜಾಗದಲ್ಲಿ ಒಂದು ಎತ್ತು ನಿಂತಿರುತ್ತದೆ. ಹೊಲವೆಲ್ಲ ಕಟ್ಟಡವಾದರೂ ಮನೆಯೊಡತಿ ಜಟ್ಟೆಮ್ಮ ಎತ್ತನ್ನು ಮಾತ್ರ ಬಿಟ್ಟುಕೊಟ್ಟಿಲ್ಲ. ಅವರ ಮೊಮ್ಮಗಳು ದಿವ್ಯ ಪಶುವೈದ್ಯ ಕಾಲೇಜಿನ ಮೊದಲ ವರ್ಷದಲ್ಲಿದ್ದಾಳೆ. ಇನ್ನೂ ಮೊದಲ ವರ್ಷದಲ್ಲೇ ಇದ್ದಾಳೆ ಎನ್ನುವುದು ಸರಿ. ಅಂಗರಚನೆಯ ಪ್ರಾಕ್ಟಿಕಲ್‌ನಲ್ಲಿ ಒಮ್ಮೆ ಫೇಲಾಗಿದ್ದಳು. ಈ ಸಲವೂ ಹೋದರೆ ಕಾಲೇಜಿನಿಂದಲೇ ಹೊರಗೆ.

ಫೇಲಾದದ್ದು ದಡ್ಡತನದಿಂದಲ್ಲ. ಆ ಮನೆಯಲ್ಲಿ ಎತ್ತಿನ ಪಕ್ಕ ಹಾಯುವವರೆಲ್ಲ ಅದರ ಕುತ್ತಿಗೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಹಾಗೆ ಬೆಳೆದವಳಿಗೆ, ಮೇಜಿನ ಮೇಲೆ ಮಲಗಿಸಿದ ಸತ್ತ ಹೋರಿಯ ಕುತ್ತಿಗೆ ಕೊಯ್ಯಿ ಎಂದರೆ ಕೈ ಬರುತ್ತದೆಯೇ? ವರ್ಷವಿಡೀ ಗೆಳತಿಯರ ಬೆನ್ನ ಹಿಂದೆ ನಿಂತು ಕಾಲ ತಳ್ಳಿದಳು. ಪರೀಕ್ಷೆಯಲ್ಲಿ ಅಡಗಿಕೊಳ್ಳಲು ಯಾರ ಬೆನ್ನೂ ಇರಲಿಲ್ಲ.

ಈ ವರ್ಷ ಹಲ್ಲು ಕಚ್ಚಿಕೊಂಡು ಕಲಿತಳು. ಕಾಲೇಜಿನಲ್ಲಿ ಕೊಯ್ದು ನೋಡಿದ ಒಂದೊಂದು ಸ್ನಾಯುವನ್ನೂ ಮನೆಗೆ ಬಂದು ಎತ್ತಿನ ಮೈಮೇಲೆ ಸೀಮೆಸುಣ್ಣದಲ್ಲಿ ಬರೆದಳು.

“ಬಸವಣ್ಣನ ಮೈಮೇಲೆ ಅದೇನೇ ಗೀಚ್ತಾ ಇದೀಯ?” ಜಟ್ಟೆಮ್ಮ ರೇಗಿದರು.

“ಓದ್ಕೋತಿದೀನಿ, ಸುಮ್ನಿರಜ್ಜಿ. ನೋಡಿಲ್ಲಿ, ಇವನ ಮುಂಗಾಲಿಗೂ ಎದೆಗೂ ಮಧ್ಯೆ ಮೂಳೆ ಕೀಲೇ ಇಲ್ಲ. ಇಷ್ಟು ದೊಡ್ಡ ಮೈ ಬರೀ ಮಾಂಸದ ಜೋಲೀಲಿ ತೂಗ್ತಾ ಇದೆ.”

“ಹೌದಾ? ಪಾಪ. ಮೊದ್ಲು ಅದನ್ನ ತೊಳಿ.”

ಪರೀಕ್ಷೆಯ ದಿನ ಟಿನ್ ಫ್ಯಾಕ್ಟರಿ ಹತ್ತಿರದ ಟ್ರಾಫಿಕ್ಕಿನಲ್ಲಿ ಬಸ್ಸು ಅಲ್ಲಾಡಲಿಲ್ಲ. ಬೆವರಿ, ಓಡಿ, ಕೊನೆಯ ಗಳಿಗೆಯಲ್ಲಿ ತಲುಪಿದಳು. ಬೇರೆ ಊರಿನಿಂದ ಬಂದ ಪರೀಕ್ಷಕರು ತಲೆ ಎತ್ತದೆಯೇ ಕೇಳಿದರು: “ಟ್ರಂಕ್ ವೆಯ್ಟ್ ಹೊರೋ ಮಸಲ್ ಯಾವ್ದಮ್ಮ? ಕೊಯ್ದು ತೋರ್ಸು.”

ಮೈಭಾರ ಹೊರುವ ಸ್ನಾಯು, ಅಜ್ಜಿಗೆ ತೋರಿಸಿದ ಅದೇ ಮಾಂಸದ ಜೋಲಿ! ದಿವ್ಯಳ ಎದೆ ಹಗುರಾಯಿತು. ಕತ್ತಿ ಎತ್ತಿಕೊಳ್ಳುವ ಮೊದಲು ಎಡಗೈಯನ್ನು ಹೋರಿಯ ಕುತ್ತಿಗೆಯ ಮೇಲೆ ಇಟ್ಟಳು. ಆ ದರಿದ್ರ ಕೈ, ಯಾರೂ ಹೇಳದೆ, ನೆಟ್ಟಗೆ ಎರಡೂ ಕಣ್ಣಿಗೆ ಹೋಯಿತು. ಗ್ಲೌಸಿನ ತುಂಬ ಹೆಣ ಕೆಡದಂತೆ ಹಾಕುವ ಫಾರ್ಮಲಿನ್. ಕಣ್ಣು ಭಗ್ಗೆಂದು ಉರಿದು ನೀರು ಧಾರೆಯಾಗಿ ಸುರಿಯಿತು. ಬಾಯಿ ಬಿಡಲೂ ಆಗದೆ ನಲ್ಲಿಯ ಕಡೆ ಓಡಿದಳು.

“ಹೆದ್ರಿ ಅಳೋರು ಯಾಕಾದ್ರೂ ಈ ಕೋರ್ಸಿಗೆ ಸೇರ್ತಾರೋ,” ಎಂದು ಪರೀಕ್ಷಕರು ಲ್ಯಾಪ್‌ಟಾಪ್ ಕಡೆ ತಿರುಗಿದರು.

ತೊಳೆದುಕೊಂಡು ಬಂದಾಗಲೂ ರೆಪ್ಪೆ ಬಿಡಿಸಲಾಗುತ್ತಿರಲಿಲ್ಲ. “ಸರ್, ನಾನು ಅಳ್ತಿಲ್ಲ. ಕಣ್ಣಿಗೆ ಫಾರ್ಮಲಿನ್ ತಗುಲ್ತು. ಒಂದೇ ನಿಮಿಷ ಸರ್.” ಅವರು ಹೂಂ ಎನ್ನುವ ಮೊದಲೇ ತಡವಿಕೊಂಡು ಮೇಜಿನ ಬಳಿ ಹೋದಳು. ಕಣ್ಣು ಮುಚ್ಚಿಕೊಂಡೇ ಹೆಗಲ ಮೂಳೆಯ ಅಂಚು ಹಿಡಿದು ಕೊಯ್ದಳು, ಒಳಗೆ ಕೈ ತೂರಿಸಿದಳು. “ಇದು ಸೆರೇಟಸ್ ವೆಂಟ್ರಾಲಿಸ್. ಕುತ್ತಿಗೆಯಿಂದ ಪಕ್ಕೆಲುಬಿನ ತನಕ ಬೀಸಣಿಗೆ ಥರ ಹರಡಿದೆ. ಮೈ ಪೂರ್ತಿ ಇದ್ರಲ್ಲೇ ತೂಗೋದು.”

ಪರೀಕ್ಷಕರು ಎದ್ದು ಬಂದು ಬಗ್ಗಿ ನೋಡಿದರು.

“ಕರೆಕ್ಟಾಗೇ ಇದೆಯಲ್ಲಮ್ಮ,” ಎಂದರು. “ಆದ್ರೆ ನಿನ್ ಮಾರ್ಕ್ಸ್ ಹಾಕಿ ಸಬ್ಮಿಟ್ ಮಾಡ್ಬಿಟ್ಟೆ. ಇನ್ನು ತಿದ್ದೋಕೆ ಬರಲ್ಲ. ನೀನು ಅಳ್ತಿದೀಯ ಅನ್ಕೊಂಡೆ.”

ದಿವ್ಯ ಅತ್ತದ್ದು ಆಗ.