ನಮ್ಮ ಬೇಲಿಯ ತೂದುವಳೆ ಸೊಪ್ಪು

ಸ್ನೇಹಿತರೇ, ನಿಮ್ಮ ಬೇಲಿಯಲ್ಲಿ ತೂದುವಳೆ ಬಳ್ಳಿ ಇದ್ದರೆ ಇವತ್ತೇ ಕಾವಲು ಕೂತುಕೊಳ್ಳಿ. ಚಳಿಗಾಲದಲ್ಲಿ ಆ ಮುಳ್ಳುಬಳ್ಳಿಯ ಸೊಪ್ಪು ತಿಂದರೆ ಮೈಗೆ ರೋಗ ತಡೆಯುವ ಶಕ್ತಿ ಬರುತ್ತದೆಂದು ಯಾರೋ ಫೋನಿನಲ್ಲಿ ಹೇಳಿದರಂತೆ. ಗೂಡಲೂರಿನ ನಮ್ಮ ಬೀದಿಯೇ ನಮ್ಮ ಬೇಲಿಯ ಮೇಲೆ ಬಿದ್ದಿತ್ತು. ನೆಗಡಿ ನನಗೆ, ಸೊಪ್ಪು ಊರಿಗೆ!

ಬೆಳಿಗ್ಗೆ ಪಕ್ಕದ ಮನೆಯ ಪಾಂಡಿಯಮ್ಮ ಬುಟ್ಟಿಯನ್ನೇ ತಂದಳು.

"ಮಾಮ, ಮುಳ್ಳು ಕುತ್ತುತ್ತೆ, ನೀವೇ ಕುಯ್ದು ಕೊಡಿ."

ನನಗೆ ತಡೆಯಲಾಗಲಿಲ್ಲ. "ಅದುಕ್ಕೇನು ತಾಯಿ, ತಕ್ಕೋ. ನಮ್ಮ ನಾಯಿ ದಿನಾ ಕಾಲೆತ್ತಾದು ಅಲ್ಲೇ, ಚೆನ್ನಾಗಿ ತೊಳ್ಕೋ" ಎಂದೆ.

"ಅಯ್ಯಯ್ಯೋ, ಥೂ!" ಎಂದವಳು ಖಾಲಿ ಬುಟ್ಟಿ ಹಿಡಿದು ಓಡಿದಳು.

ಗೆದ್ದೆ ಎಂದು ತಿರುಗಿದರೆ ಹಿಂದೆಯೇ ನನ್ನ ಹೆಂಡತಿ ನಿಂತಿದ್ದಳು. ಒಳಗೆ ನನ್ನ ನೆಗಡಿಗೆಂದು ಅದೇ ಸೊಪ್ಪು, ಮೆಣಸು, ಬೆಳ್ಳುಳ್ಳಿ ಹಾಕಿದ ರಸ ಕುದಿಯುತ್ತಿತ್ತು. ಅವಳು ಆ ಪಾತ್ರೆಯನ್ನೇ ತಂದು ತೆಂಗಿನ ಬುಡಕ್ಕೆ ಸುರಿದಳು.

"ಲೇ, ಅದು ಸುಮ್ಮಾ ಹೇಳಿದ ಪೊಯ್ಯಿ, ಬರೀ ಸುಳ್ಳು! ಮುಳ್ಳಿಗೆ ಹೆದ್ರಿ ನಾಯಿ ಆ ಪಕ್ಕ ಹೋಗಾದೇ ಇಲ್ಲ!"

"ಹಂಗಂತ ನಾಯಿ ಬಂದು ಹೇಳ್ಳಿ, ನಂಬ್ತೀನಿ. ನಿಮ್ಮ ಮಾತು ಬೇಡ."

ಮಧ್ಯಾಹ್ನದೊಳಗೆ ಪಾಂಡಿಯಮ್ಮ ಬೀದಿಗೆಲ್ಲ ಸುದ್ದಿ ಹಂಚಿದ್ದಾಳೆ. ಈಗ ಬೇಲಿ ತುಂಬ ಸೊಪ್ಪು, ಮೂಗು ತುಂಬ ನೆಗಡಿ. ಇಷ್ಟು ವರ್ಷ ನಾನು ನಿಜ ಹೇಳಿದಾಗಲೂ ನಕ್ಕು ಹೋಗುತ್ತಿದ್ದ ಜನ ಮೊದಲ ಸಲ ನನ್ನ ಮಾತು ನಂಬಿದ್ದಾರೆ. ಸಂತೋಷಪಡೋಣವೆಂದರೆ ಸೀನು ಬಿಡುತ್ತಿಲ್ಲ.