ಕಾಗದದಲ್ಲಿ ಬಂದ ಮಂಜು

ಅಂದು ನೀರು ಸೇದಿದೆ, ಹಸುವಿಗೆ ಹುಲ್ಲು ಹಾಕಿದೆ, ರಜೆಗೆ ಬಂದಿದ್ದ ಯಜಮಾನರ ಮಿಲಿಟರಿ ಬಟ್ಟೆ ಒಗೆದೆ. ಒಗೆಯುವ ಮುನ್ನ ಜೇಬುಗಳನ್ನೆಲ್ಲ ತಡಕಿದೆ. 'ಇಲ್ಲಿ ಹಗಲೂ ರಾತ್ರಿ ಮಂಜು ಬಿಟ್ಟರೆ ನನಗೆ ಯಾರೂ ಜೊತೆಯಿಲ್ಲ' ಎಂದು ಕಾಶ್ಮೀರದಿಂದ ಕಾಗದ ಬರೆದಿದ್ದರಲ್ಲ! ನಮ್ಮ ಟೇಕಲ್‌ನಲ್ಲಿ ಮಂಜು ಎನ್ನುವವಳು ಬೀದಿಗೊಬ್ಬಳಿದ್ದಾಳೆ. ಮನೆಯೊಳಗೂ ಕಾಲುಚೀಲ ಬಿಚ್ಚದ ಅವರ ಹೊಸ ಠೀವಿ ನೋಡಿ ನನ್ನ ಅನುಮಾನ ಇನ್ನೂ ಬಲಿಯಿತು.

"ಯಾರ್ರೀ ಆ ಮಂಜು? ನಿಜ ಹೇಳಿ, ಇಲ್ದಿದ್ರೆ ಯಲ್ದೂರಿಗೆ, ನಮ್ಮಮ್ಮನ ಮನೆಗೆ ಹೊರಟೆ."

ಅವರು ಬಿದ್ದು ಬಿದ್ದು ನಕ್ಕರು. ಆಮೇಲೆ ಮೆಲ್ಲಗೆ ಕಾಲುಚೀಲ ಕಳಚಿದರು. ಎಡಗಾಲಿನಲ್ಲಿ ಎರಡು ಬೆರಳಿರಲಿಲ್ಲ.

"ಹೆಂಗಸಲ್ಲ ಕಣೇ, ಮೊಣಕಾಲುದ್ದ ಬೀಳೋ ಹಿಮ. ಅದರಲ್ಲೇ ಕಾವಲು ನಿಂತು ಬೆರಳು ಸತ್ತೋದ್ವು. ನೀನು ಅಳ್ತೀಯ ಅಂತ ಮುಚ್ಚಿಟ್ಟೆ."

ಇಬ್ಬರೂ ಮುದ್ದೆ, ಅವರೆಕಾಳಿನ ಸಾರು ಉಂಡೆವು. ಅವರು ಮೊದಲು ನಿದ್ದೆಹೋದರು. ಉಳಿದ ಬೆರಳುಗಳ ಮೇಲೆ ಕಂಬಳಿ ಎಳೆದು ನಾನೂ ಮಲಗಿದೆ.