ಹೆಸರು ಬರೆಯದ ಆನೆ

ಅಂತರಸಂತೆಯಲ್ಲಿ ಹುಟ್ಟಿ, ಮದುವೆಯಾಗಿ ಎಚ್.ಡಿ. ಕೋಟೆಗೆ ಬಂದ ಸಿಂಧುವಿಗೆ ಎರಡು ಕೆಲಸ. ಒಂದು, ಇನ್ನೂ ವರ್ಷ ತುಂಬದ ಮಗಳನ್ನು ನೋಡಿಕೊಳ್ಳುವುದು. ಇನ್ನೊಂದು, ಹುಣಸೂರಿನ ಪುಟ್ಟ ಕಂಪನಿಯೊಂದರ ಸರ್ವರನ್ನು ಮನೆಯಿಂದಲೇ ನೋಡಿಕೊಳ್ಳುವುದು. ಎರಡೂ ಸದ್ದಿಲ್ಲದೆ ಇದ್ದಾಗಲೇ ಹೆಚ್ಚು ಭಯ ಎಂದು ಅವಳು ಗಂಡನಿಗೆ ಹೇಳುತ್ತಿದ್ದಳು.

ಕಾಡಂಚಿನ ಊರುಗಳಿಗೆ ಆನೆಯ ಸುದ್ದಿ ಮುಟ್ಟಿಸುವುದು ಆ ಸರ್ವರಿನ ಕೆಲಸ. ಕಾವಲಿಗೆ ನಿಂತವರು ಫೋನಿನ ನಕ್ಷೆಯಲ್ಲಿ ಆನೆಯಿರುವ ಜಾಗದ ಮೇಲೆ ಬೆರಳಿಟ್ಟು, ಕೆಳಗಿನ ಚೌಕದಲ್ಲಿ ಒಂದು ಸಾಲು ಬರೆದು ಕಳಿಸುತ್ತಾರೆ. ಪ್ರೋಗ್ರಾಂ ಆ ಗುರುತನ್ನು ಫೈಲಿಗೆ ಹಾಕಿ ಗಿಟ್ ಅನ್ನು ಕರೆಯುತ್ತದೆ. ಯಾರು, ಯಾವಾಗ, ಏನು ಬದಲಿಸಿದರು ಎಂಬುದನ್ನು ಮರೆಯದೆ ಇಟ್ಟುಕೊಳ್ಳುವುದು ಗಿಟ್. ಅದು ಇಟ್ಟುಕೊಂಡೆ ಎಂದ ಮೇಲೆಯೇ ಊರಿನವರ ಫೋನುಗಳಿಗೆ ಸುದ್ದಿ ಹೊರಡುವುದು.

ಅಂದು ಅಂತರಸಂತೆಯಲ್ಲಿ ಸಂತೆ. ಬಿಸಿಲು ಬಾಡುವ ಹೊತ್ತು. ಮಗಳಿಗೆ ರಾಗಿ ಸರಿ ತಿನ್ನಿಸುತ್ತ ಸಿಂಧು ಪರದೆಯತ್ತ ನೋಡಿದಳು. ಸುದ್ದಿ ಬಂದ ಗುರುತಿತ್ತು, ಹೊರಟ ಗುರುತಿರಲಿಲ್ಲ.

ಒಳಹೊಕ್ಕು ನೋಡಿದರೆ, ಕರೆದಾಗಲೆಲ್ಲ ಒಂದೊಂದಾಗಿ ಹುಟ್ಟುವ ಗಿಟ್ ಪ್ರೊಸೆಸ್ಸುಗಳು ಸಾಲುಗಟ್ಟಿ ಬಿದ್ದಿದ್ದವು. ಮೊದಲನೆಯದು ಲಾಕ್ ಹಾಕಿಕೊಂಡು ಒಳಗೆ ಕೂತಿತ್ತು. ಒಬ್ಬರು ಬರೆಯುವಾಗ ಇನ್ನೊಬ್ಬರು ಬರೆದು ಕೆಡಿಸದಿರಲಿ ಎಂದು ಇರುವ ಲಾಕ್ ಅದು. ಪ್ರೋಗ್ರಾಂ ಬಿಡದೆ ಹೊಸ ಹೊಸ ಗಿಟ್ ಹುಟ್ಟಿಸಿತ್ತು. ಬಂದವೆಲ್ಲ ಲಾಕ್ ನೋಡಿ ಸೋತು ಸತ್ತಿದ್ದವು. ಸತ್ತದ್ದನ್ನು ಹುಟ್ಟಿಸಿದವರೇ ವಿಚಾರಿಸಿ ತೆಗೆಯಬೇಕು. ಯಾರೂ ವಿಚಾರಿಸಿರಲಿಲ್ಲ. ಈಗ ಆ ಪ್ರೋಗ್ರಾಂಗೆ ಹೊಸದೊಂದನ್ನು ಹುಟ್ಟಿಸಲೂ ಜಾಗವಿಲ್ಲದಷ್ಟು ಹೆಣಗಳು.

ಮೊದಲನೆಯದು ಯಾಕೆ ಕೂತಿದೆ? ಕಳಿಸಿದವನ ಹೆಸರು ನೋಡಿದೊಡನೆ ಅವಳಿಗೆ ಹೊಳೆಯಿತು. ಚಾಮಯ್ಯ. ಅವಳ ತವರಿನವನೇ, ಆ ವಾರವಷ್ಟೇ ಕಾವಲಿಗೆ ಸೇರಿದವನು. ಸಂಜೆ ಹೊತ್ತು ಆನೆಯ ಹೆಸರೆತ್ತಿದರೆ ಅದನ್ನು ಕೂಗಿ ಕರೆದಂತೆ ಎಂದು ನಂಬಿದ ಮನುಷ್ಯ. ಬಾಯಲ್ಲಿ ಆಡದ್ದನ್ನು ಕೈಯಲ್ಲಿ ಬರೆದಾನೆಯೇ? ಚೌಕ ಖಾಲಿ ಬಿಟ್ಟು ಕಳಿಸಿದ್ದ. ಗಿಟ್‌ಗೆ ಒಂದು ಸಾಲಾದರೂ ಬೇಕು. ಇಲ್ಲದಿದ್ದರೆ ಅದು ಬರೆಯುವ ಹಾಳೆಯಂಥ ಎಡಿಟರ್ ತೆರೆದಿಟ್ಟು, ಯಾರೂ ಇಲ್ಲದ ಸರ್ವರಿನಲ್ಲಿ ಯಾರಾದರೂ ಬಂದು ಬರೆಯಲಿ ಎಂದು ಕಾಯುತ್ತಿತ್ತು.

ಫೈಲು ತೆರೆದು ಚಾಮಯ್ಯನ ಗುರುತು ನೋಡಿದಳು. ಕೆರೆ ಏರಿ. ಅವ್ವ ಪುಟ್ಟಸಿದ್ದಮ್ಮ ಸಂತೆ ಮುಗಿಸಿ ಜೊತೆಯವರೊಡನೆ ಮನೆಗೆ ನಡೆಯುವ ದಾರಿ ಅದೇ.

ಅವ್ವನಿಗೆ ಫೋನ್ ಮಾಡಿದಳು. ಕರೆ ಹೋಗಿ ಹೋಗಿ ನಿಂತಿತು. ಸಂತೆಗೆ ಹೋದರೆ ಅವ್ವನ ಫೋನು ಚೀಲದ ತಳದಲ್ಲಿ, ಸೊಪ್ಪಿನ ಕೆಳಗೆ. ಸುದ್ದಿ ಹೊರಟು ಎಲ್ಲರ ಫೋನೂ ಒಟ್ಟಿಗೆ ಕೂಗಿಕೊಂಡರೆ ಯಾರದಾದರೂ ಒಂದು ಕೇಳಿಸೀತು. ಚಾಮಯ್ಯನೂ ಎತ್ತಲಿಲ್ಲ, ಆನೆ ಹತ್ತಿರವಿದ್ದಾಗ ಕಾವಲಿನವರು ಫೋನಿನ ಸದ್ದು ಅಡಗಿಸಿರುತ್ತಾರೆ.

ಹುಣಸೂರಿನ ರೇಣುಕಾಪ್ರಸಾದ್, ಕಂಪನಿಯ ಯಜಮಾನ, ವಿಷಯ ಕೇಳಿದ್ದೇ ರೀಸ್ಟಾರ್ಟ್ ಮಾಡಿಬಿಡು ಎಂದರು.

"ಆಗಲ್ಲ ಸಾರ್. ಶುರುವಾಗುವಾಗ ಅರ್ಧಂಬರ್ಧ ಇರೋದನ್ನೆಲ್ಲ ಅದೇ ಅಳಿಸಾಕುತ್ತೆ. ಏರಿ ಗುರುತೂ ಹೋಗುತ್ತೆ."

"ಹಂಗಾದ್ರೆ ಲಾಕ್ ಫೈಲ್ ಕಿತ್ತಾಕಮ್ಮ."

"ಒಳಗೊಂದು ಜೀವ ಇನ್ನೂ ಕೂತಿದೆ ಸಾರ್. ಈಗ ಕಿತ್ರೆ ಎಲ್ಲಾ ಕೆಡುತ್ತೆ."

"ಆ ದಾರೀಲಿ ನಿಮ್ಮೋರು ಯಾರಾದ್ರೂ ಇದಾರಾ?"

"ಅವ್ವ."

"ಸರಿ. ನಿಂಗೆ ತೋಚಿದ್ದು ಮಾಡು."

ಮಗು ಸರಿ ಮೆತ್ತಿದ ಕೈಯನ್ನು ಕೀಲಿಮಣೆಯ ಮೇಲೆ ಊರಿತು. ಸಿಂಧು ಆ ಕೈಯನ್ನು ತನ್ನ ಸೆರಗಿಗೆ ಒರೆಸಿ, ಮಗಳನ್ನು ಎಡ ಸೊಂಟಕ್ಕೆ ಏರಿಸಿಕೊಂಡು, ಒಂದೇ ಕೈಯಲ್ಲಿ ಟೈಪ್ ಮಾಡಿದಳು. ಗಿಟ್ ಅನ್ನು ಮುಟ್ಟಲಿಲ್ಲ. ಅದು ತೆರೆದಿಟ್ಟಿದ್ದ ಎಡಿಟರನ್ನು ಮಾತ್ರ ನಿಲ್ಲಿಸಿದಳು. ಸಾಲು ಬರುವುದಿಲ್ಲವೆಂದು ತಿಳಿದ ಗಿಟ್ ತಾನೇ ಲಾಕ್ ತೆಗೆದು ಹೊರಬಿತ್ತು. ಗುರುತು ಇದ್ದಲ್ಲೇ ಇತ್ತು. ಅದಕ್ಕೆ ತನ್ನ ಕೈಯಿಂದಲೇ ಸಾಲು ಬರೆದು ಗಿಟ್‌ಗೆ ಒಪ್ಪಿಸಿದಳು: ಆನೆ ಕೆರೆ ಏರಿ ಮೇಲಿದೆ. ಆಮೇಲೆ ಪ್ರೋಗ್ರಾಂ ನಿಲ್ಲಿಸಿದಳು. ಹುಟ್ಟಿಸಿದವನೇ ಹೋದ ಮೇಲೆ ಹೆಣಗಳನ್ನೆಲ್ಲ ಸಿಸ್ಟಮ್ಮೇ ಗುಡಿಸಿ ಹಾಕಿತು. ಮತ್ತೆ ಶುರು ಮಾಡಿದಳು. ಸುದ್ದಿ ಹೊರಟಿತು.

ಅವ್ವನ ಫೋನು ಬರುವ ತನಕ ಅವಳು ಕೂರಲಿಲ್ಲ.

"ಏನ್ಲೇ ಇದು, ಎಲ್ಲಾರ ಫೋನೂ ಒಂದೇ ಸಲ ಬಡ್ಕೊಂಡ್ವು. ಸ್ಕೂಲ್ ಜಗಲೀಲಿ ಕೂತಿವಿ."

"ಅಲ್ಲೇ ಇರವ್ವ, ಏಳಬೇಡ."

"ಎಷ್ಟೊತ್ಗಂಟ? ಮೀನು ತಕೊಂಡಿವ್ನಿ ಕಣೇ, ಕೆಟ್ಟೋಯ್ತದೆ."

"ಕೆಡ್ಲಿ ಬುಡು. ಗುರುತು ಅತ್ಲಾಗೆ ಸರಿಯೋ ಗಂಟ ಕೂತಿರು."

ಹೇಳಿದ ಮೇಲೆ ಅವಳು ಮತ್ತೆ ಪರದೆಯತ್ತ ತಿರುಗಿದಳು. ಆನೆ ಸರಿದರೆ ತಿಳಿಸಬೇಕಾದವನು ಚಾಮಯ್ಯ. ಅವನು ಮತ್ತೆ ಖಾಲಿ ಚೌಕವನ್ನೇ ಕಳಿಸುತ್ತಾನೆ. ಮತ್ತೆ ಎಲ್ಲ ಕಟ್ಟಿಕೊಳ್ಳುತ್ತದೆ. ಕಾದು ಬೇಸತ್ತ ಹೆಂಗಸರು ಕತ್ತಲಲ್ಲಿ ಎದ್ದು ಹೊರಟೇಬಿಡುತ್ತಾರೆ.

ಮಗು ಹೆಗಲ ಮೇಲೆ ತೂಕಡಿಸುತ್ತಿತ್ತು. ಚೌಕ ಖಾಲಿಯಿದ್ದರೆ ಪ್ರೋಗ್ರಾಮೇ ಒಂದು ಸಾಲು ಹಾಕಲಿ ಎಂದು ಬರೆದಳು. ಗಿಟ್ ಕೆಲಸ ಮುಗಿಸದೆ ಹೊತ್ತು ಮೀರಿದರೆ ಅದನ್ನೂ ಅದು ಹುಟ್ಟಿಸಿದ್ದನ್ನೂ ಒಟ್ಟಿಗೆ ನಿಲ್ಲಿಸಿ, ಸತ್ತದ್ದನ್ನು ಆಗಿಂದಾಗ ವಿಚಾರಿಸಿ ತೆಗೆಯಲಿ ಎಂದು ಬರೆದಳು. ಮೊದಲ ದಿನವೇ ಬರೆಯಬೇಕಾಗಿದ್ದ ಸಾಲುಗಳು. ಪರೀಕ್ಷಿಸಲು ಪುರಸೊತ್ತಿರಲಿಲ್ಲ, ಹಾಗೇ ಸರ್ವರಿಗೆ ಏರಿಸಿದಳು.

ಚಾಮಯ್ಯನ ಗುರುತು ಬಂತು. ಚೌಕ ಖಾಲಿ. ಒಂದು ಗಿಟ್ ಹುಟ್ಟಿತು, ಕೆಲಸ ಮುಗಿಸಿತು, ಹೋಯಿತು. ಹಿಂದೆ ಏನೂ ಉಳಿಯಲಿಲ್ಲ. ಗುರುತು ಆನೆ ಕಂದಕದಾಚೆ, ಕಾಡಿನ ಮಗ್ಗುಲಿಗಿತ್ತು. ಸುದ್ದಿ ಹೊರಟಿತು.

ಸ್ವಲ್ಪ ಹೊತ್ತಿಗೆ ಚಾಮಯ್ಯನೇ ಕರೆ ಮಾಡಿದ. ದನಿ ಇನ್ನೂ ಪಿಸುಪಿಸು. "ಆಗ್ಲೆ ಫೋನ್ ಮಾಡಿದ್ಯಲ್ಲವ್ವಾ. ನಾನೇನಾರ ತಪ್ಪು ಒತ್ತಿದ್ನಾ?"

"ಇಲ್ಲ ಚಾಮಯ್ಯಣ್ಣ. ನೀವು ಒತ್ತಿ ಸಾಕು. ಬರೆಯೋದು ಅದೇ ಬರ್ಕೊಳ್ಳುತ್ತೆ."

"ಅಂಗಾರೆ ಸರಿ ಬುಡು. ನಿಮ್ಮವ್ವನೋರು ಏರಿ ಮೇಲವ್ರೆ. ಟಾರ್ಚ್ ಬುಟ್ಕಂಡು ಹಿಂದ್ಗಡೆ ನಾನೂ ಬತ್ತಾ ಇವ್ನಿ."